ಐವತ್ತನಾಲ್ಕು 'ಮ'

ತನ್ನ ಮದುವೆಯ ಲಗ್ನಪತ್ರಿಕೆಯನ್ನು ತಾನೇ ಅಚ್ಚು ಹಾಕುವ ಭಾಗ್ಯ ದೊಡ್ಡಬಳ್ಳಾಪುರದ ಪೇಟೆಯಲ್ಲಿ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಕೊಂಡಪ್ಪನಿಗೆ ಬಂತು. ಬಂದದ್ದೇ ತಡ, ಅವನ ಕಾಲು ನೆಲದ ಮೇಲೆ ನಿಲ್ಲದಾಯಿತು. ಹೋಟೆಲಿನಲ್ಲಿ ಕಾಫಿ ಕುಡಿದು ಲೋಟದ ಜೊತೆಗೇ ಎದ್ದುಬಂದ. ಸೈಕಲ್ಲು ತಂದಿದ್ದೇನೆಂಬುದನ್ನು ಮರೆತು ಮನೆಗೆ ನಡೆದುಕೊಂಡು ಹೋದ. ಮಾರನೆಯ ದಿನ ಸೈಕಲ್ಲು ಕಳುವಾಯಿತೆಂದು ಬೀದಿಯೆಲ್ಲ ಸಾರಿ, ಅದು ಪ್ರೆಸ್ಸಿನ ಬಾಗಿಲಲ್ಲೇ ನಿಂತಿರುವುದನ್ನು ಕಂಡು, ಕಳ್ಳ ವಾಪಸು ತಂದಿಟ್ಟಿದ್ದಾನೆ ಎಂದುಕೊಂಡ.

ಇದು ಅರವತ್ತೊಂಬತ್ತನೆಯ ಇಸವಿಯ ಮಾತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಎರಡು ಮಗ್ಗದ ಮನೆಗಳ ನಡುವೆ, ನರಸಿಂಹಯ್ಯನವರ ಪ್ರೆಸ್ಸು ಇತ್ತು. ಪ್ರೆಸ್ಸು ಎಂದರೆ ಕಾಲಲ್ಲಿ ತುಳಿಯುವ ಒಂದು ಟ್ರೆಡಲ್ ಮಿಷನ್ನು, ಗೋಡೆಗೆ ಒರಗಿದ ನಾಲ್ಕು ಮರದ ಕೇಸು, ಅಷ್ಟೇ. ಒಂದೊಂದು ಕೇಸಿನಲ್ಲೂ ಪುಟ್ಟ ಪುಟ್ಟ ಮನೆಗಳು, ಮನೆಗೊಂದರಂತೆ ಅಕ್ಷರಗಳು. ಅಕ್ಷರವೆಂದರೆ ಸೀಸದ ಮೊಳೆ, ತುದಿಯಲ್ಲಿ ಅಕ್ಷರ ತಿರುವುಮುರುವಾಗಿ ಎದ್ದಿರುತ್ತದೆ. ಕೊಂಡಪ್ಪ ಅಲ್ಲಿ ಎಂಟು ವರ್ಷದಿಂದ ಕಂಪೋಸಿಟರ್. ಎಡಗೈಯಲ್ಲಿ ಸ್ಟಿಕ್ಕು ಎಂಬ ಪುಟ್ಟ ಲೋಹದ ತಟ್ಟೆ ಹಿಡಿದು, ಬಲಗೈಯಲ್ಲಿ ಮೊಳೆ ಹೆಕ್ಕಿ ಹೆಕ್ಕಿ ಸಾಲು ಜೋಡಿಸುವುದು ಅವನ ಕೆಲಸ. ಕೆಲಸ ಮುಗಿದ ಮೇಲೆ ಸಾಲು ಬಿಚ್ಚಿ ಪ್ರತಿಯೊಂದು ಮೊಳೆಯನ್ನೂ ಅದರದರ ಮನೆಗೆ ಸೇರಿಸುವುದೂ ಅವನದೇ. ಹಿಂದುಮುಂದಾದ ಅಕ್ಷರಗಳನ್ನೇ ದಿನವಿಡೀ ಓದಿ ಓದಿ, ಬಸ್ಸಿನ ಬೋರ್ಡು ಓದುವಾಗ ಒಂದು ಗಳಿಗೆ ತಡವರಿಸುತ್ತಿದ್ದ.

ಹುಡುಗಿ ರಾಜಘಟ್ಟದ ವೆಂಕಟರಮಣಪ್ಪನವರ ಎರಡನೆಯ ಮಗಳು, ಮುನಿಗಂಗಮ್ಮ. ಹೆಣ್ಣು ನೋಡಲು ಹೋದ ದಿನ ಆಕೆ ತಲೆ ತಗ್ಗಿಸಿಕೊಂಡು ಉಪ್ಪಿಟ್ಟು ತಂದಿಟ್ಟಳು. ತಗ್ಗಿಸಿದ ಕಣ್ಣಿಗೆ ಕಂಡದ್ದು ಸೀಸ ಹಿಡಿದು ಕಪ್ಪಾಗಿದ್ದ ಕೊಂಡಪ್ಪನ ಬೆರಳುಗಳು. ಅವನು ಬೆರಳನ್ನು ಪಂಚೆಯ ನೆರಿಗೆಯಲ್ಲಿ ಅಡಗಿಸಿಕೊಂಡ. ಅವಳು ನಕ್ಕುಬಿಟ್ಟಳು. ಆ ನಗುವಿನ ನೆನಪಲ್ಲೇ ಅವನು ಎರಡು ತಿಂಗಳು ಊಟ ರುಚಿಸದೆ, ಉಂಡದ್ದು ಗೊತ್ತಾಗದೆ ಓಡಾಡಿದ.

ಲಗ್ನಕ್ಕೆ ಇನ್ನು ಹದಿನಾರು ದಿನ ಇರುವಾಗ ವೆಂಕಟರಮಣಪ್ಪನವರು ಪ್ರೆಸ್ಸಿಗೆ ಬಂದರು. ಆಳು ಗಟ್ಟಿ, ಮೀಸೆ ಅದಕ್ಕಿಂತ ಗಟ್ಟಿ. ಅಂಗಿಯ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಉದ್ದನೆಯ ಹಾಳೆ ತೆಗೆದು ಕೊಂಡಪ್ಪನ ಕೈಗಿಟ್ಟರು. ಪತ್ರಿಕೆಯ ಕೆಳಗೆ 'ತಮ್ಮ ಆಗಮನವನ್ನು ಬಯಸುವವರು' ಎಂದು ಹಾಕಿ, ಅದರಡಿ ಅಚ್ಚಾಗಬೇಕಾದ ನೆಂಟರ ಪಟ್ಟಿ. ನಲವತ್ನಾಲ್ಕು ಹೆಸರು.

"ನೋಡಪ್ಪಾ, ದೊಡ್ಡ ಮಗಳ ಮದ್ವೇಲಿ ಎಲ್ಡು ಹೆಸ್ರು ಬಿಟ್ಟೋದೋ. ನಮ್ ಚಿಕ್ಕಪ್ಪನ ಮನೆಯೋರು ಆರು ವರ್ಷ ನಮ್ಮನೆ ನೀರು ಮುಟ್ಲಿಲ್ಲ. ಈ ಸಲ ಒಂದೇ ಒಂದು ಹೆಸ್ರು ಬಿಟ್ಟೋದ್ರೂ ಈ ಮದ್ವೆನೂ ಬಿಟ್ಟೋಯ್ತು ಅಂತ್ಲೇ ತಿಳ್ಕೊ" ಎಂದರು.

"ಒಂದಕ್ಸರ ಬಿಡಾಕಿಲ್ಲ ಮಾವ" ಎಂದ ಕೊಂಡಪ್ಪ. ಮಾವ ಎಂದು ಮೊದಲ ಸಲ ಕರೆದದ್ದಕ್ಕೆ ಕಿವಿ ಕೆಂಪಗಾಯಿತು.

ವೆಂಕಟರಮಣಪ್ಪನವರು ಹೊರಟಮೇಲೆ ಅವನು ಹಾಳೆ ಬಿಚ್ಚಿ ಓದಿದ. ಓದುತ್ತ ಓದುತ್ತ ಬೆರಳು ಮಡಚಿ ಎಣಿಸತೊಡಗಿದ. ರಾಜಘಟ್ಟದ ಈ ಮನೆತನ ಮುನೇಶ್ವರನ ಒಕ್ಕಲು. ಹುಟ್ಟಿದ ಕೂಸುಗಳಲ್ಲಿ ಹೆಚ್ಚಿನವಕ್ಕೆ ದೇವರ ಹೆಸರು ಸೇರಿಸಿಯೇ ಹೆಸರಿಡುತ್ತಾರೆ. ಮುನಿವೆಂಕಟಮ್ಮ, ಮುನಿಶಾಮಪ್ಪ, ಮುನಿನಂಜಮ್ಮ, ಮುನಿರಾಮಯ್ಯ, ಮುನಿತಾಯಮ್ಮ, ಮುನಿಹನುಮಪ್ಪ. ನಲವತ್ನಾಲ್ಕರಲ್ಲಿ ಇಪ್ಪತ್ತೇಳು ಜನ ಮುನಿಗಳು! ಅದರಲ್ಲೂ ಹೆಂಗಸರ ಹೆಸರು ಮ ದಿಂದ ಶುರುವಾಗಿ ಮ ದಲ್ಲೇ ಮುಗಿಯುತ್ತಿತ್ತು. ಅದು ಸಾಲದೆಂದು ಲಗ್ನಪತ್ರಿಕೆಯ ಒಕ್ಕಣೆ ತಾನೇ ಏನು? ಮಹಾಶಯರೇ, ಮದುವೆ, ಮುಹೂರ್ತ, ಮಂಗಳಕಾರ್ಯ, ತಮ್ಮ ಆಗಮನ. ಎಲ್ಲ ಕಡೆಯೂ ಅದೇ ಅಕ್ಷರ ಬಾಯಿ ತೆರೆದು ನಿಂತಿತ್ತು.

ಕೊಂಡಪ್ಪ ಕೇಸಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮ ದ ಮನೆಯ ಮೊಳೆಗಳನ್ನು ಅಂಗೈಗೆ ಬಾಚಿಕೊಂಡು ಎಣಿಸಿದ. ಐವತ್ತೆಂಟು. ಅದರಲ್ಲಿ ನಾಲ್ಕು ಕೊಂಬು ಮುರಿದು, ಮೂಗು ಸವೆದು, ಒತ್ತಿದರೆ ಏನೆಂದು ಅವಕ್ಕೇ ಗೊತ್ತಾಗದ ಸ್ಥಿತಿಯಲ್ಲಿದ್ದವು. ಉಳಿದದ್ದು ಐವತ್ತನಾಲ್ಕು. ಪತ್ರಿಕೆಗೆ ಬೇಕಾದದ್ದು ಎಂಬತ್ಮೂರು. ಎರಡು ಸಲ ಲೆಕ್ಕ ಹಾಕಿದ, ಮೂರನೆಯ ಸಲ ಮುತ್ತಮ್ಮನನ್ನು ಸಾಕ್ಷಿಗೆ ಕೂರಿಸಿಕೊಂಡು ಹಾಕಿದ. ಎಂಬತ್ಮೂರೇ.

ಮುತ್ತಮ್ಮ ಪ್ರೆಸ್ಸಿನಲ್ಲಿ ಹಾಳೆ ಮಡಿಸುವ, ಬಿಲ್ ಪುಸ್ತಕ ಹೊಲಿಯುವ ಹೆಂಗಸು. ಐವತ್ತು ದಾಟಿತ್ತು. ಅಕ್ಷರ ಬಾರದು, ಆದರೆ ಬಾಯಿಗೆ ಬರಗಾಲವಿಲ್ಲ.

"ಅಲ್ಲ ಕಣಪ್ಪಾ ಕೊಂಡಣ್ಣ, ಅಷ್ಟೊಂದು ಅಕ್ಸರ ತಿನ್ನೋ ಮನೆತನದಾಗೆ ಯಾಕೆ ಹೆಣ್ಣು ತಂದೆ? ನಮ್ ಕಡೆ ಸಂಬಂಧ ಮಾಡಿದ್ರೆ ಲಕ್ಕ, ಬೈರ, ತಿಮ್ಮ ಅಂತ ಎಲ್ಡೆಲ್ಡು ಅಕ್ಸರಕ್ಕೆ ಮುಗೀತಿತ್ತು."

"ಸುಮ್ಕಿರಕ್ಕ, ಹೊಟ್ಟೆ ಉರೀತೈತೆ."

ನರಸಿಂಹಯ್ಯನವರು ಕನ್ನಡಕವನ್ನು ಹಣೆಗೇರಿಸಿ ವಿಷಯ ಕೇಳಿದರು. ಒಳ್ಳೆಯ ಮನುಷ್ಯ, ಸಲಹೆ ಕೇಳಿದರೆ ಮಾತ್ರ ಅಪಾಯ. "ಬೆಂಗಳೂರಿಂದ ಹೊಸ ಮೊಳೆ ತರಿಸೋಣ" ಎಂದರು. ಬೆಂಗಳೂರಿನ ಫೌಂಡ್ರಿಯವರು ಆ ಹಳೆಯ ಅಚ್ಚನ್ನು ಎರಕ ಹೊಯ್ಯುವುದು ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. "ದೇವನಹಳ್ಳಿ ಪ್ರೆಸ್ಸಿನಿಂದ ಕಡ ತರೋಣ" ಎಂದರು. ಕೊಂಡಪ್ಪ ಸೈಕಲ್ ತುಳಿದುಕೊಂಡು ಹೋಗಿ ಮುವ್ವತ್ತು ಮ ಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ತಂದೇಬಿಟ್ಟ. ಸಾಲಿಗೆ ಸೇರಿಸಿ ಒತ್ತಿದರೆ ಅವು ಅಕ್ಕಪಕ್ಕದವರಿಗಿಂತ ಒಂದು ಕೂದಲೆಳೆ ಎತ್ತರ. ಕಾಗದ ತೂತಾಯಿತು. ಗಂಟು ಹಾಗೆಯೇ ವಾಪಸು ಹೋಯಿತು. ಕಡೆಗೆ ನರಸಿಂಹಯ್ಯನವರು, "ಲೇ ಕೊಂಡ, ಮುನಿ ಅನ್ನೋದನ್ನ ಎಲ್ಲರಿಗೂ ಸೇರಿ ಒಂದೇ ಸಲ ಮೇಲೆ ಹಾಕಿ, ದೊಡ್ಡ ಕಂಸ ಬರೆದುಬಿಟ್ರೆ ಹೇಗೋ?" ಎಂದರು. ಕೊಂಡಪ್ಪ ಕೈ ಮುಗಿದ.

ಉಪಾಯ ಹೊಳೆದದ್ದು ಮರುದಿನ ಮುಖ ತೊಳೆಯುವಾಗ. ಬಾಯಿತುಂಬ ಹಲ್ಲುಪುಡಿ ಇಟ್ಟುಕೊಂಡೇ ಅವನು ಹಿತ್ತಲಲ್ಲಿ ಕುಣಿದ.

ಲಗ್ನಪತ್ರಿಕೆಗೆ ಎರಡು ಬಣ್ಣ. ಒಕ್ಕಣೆ ಕಪ್ಪು. ಮೇಲಿನ ಗಣಪತಿಯ ಬ್ಲಾಕು, ಸುತ್ತಲಿನ ಬಳ್ಳಿ ಬಾರ್ಡರು, ವಧೂವರರ ದೊಡ್ಡ ಹೆಸರು ಕೆಂಪು. ಟ್ರೆಡಲ್ ಮಿಷನ್ನಿಗೆ ಒಂದು ಸಲಕ್ಕೆ ಒಂದೇ ಬಣ್ಣ ಗೊತ್ತು. ಹಾಗಾಗಿ ಹೇಗಿದ್ದರೂ ಪ್ರತಿ ಕಾಗದವೂ ಮಿಷನ್ನಿನೊಳಕ್ಕೆ ಎರಡು ಸಲ ಹೋಗಿಬರಲೇಬೇಕು. ಹಾಗಿದ್ದ ಮೇಲೆ ಮೊದಲ ಸಲ ಒಕ್ಕಣೆಯ ಜೊತೆ ಮ ಕಡಿಮೆಯಿರುವ ಹದಿನೇಳು ಹೆಸರು ಒತ್ತುವುದು. ಅದಕ್ಕೆ ಮುವ್ವತ್ತೆರಡು ಮ ಸಾಕು. ಆಮೇಲೆ ಸಾಲುಗಳನ್ನೆಲ್ಲ ಬಿಚ್ಚಿ ಮೊಳೆಗಳನ್ನು ಮನೆ ಸೇರಿಸಿ, ಅವೇ ಮ ಗಳಿಂದ ಇಪ್ಪತ್ತೇಳು ಮುನಿಗಳನ್ನು ಜೋಡಿಸಿ, ಗಣಪತಿಯ ಜೊತೆಯಲ್ಲೇ ಎರಡನೆಯ ಸಲಕ್ಕೆ ಒತ್ತುವುದು. ಅದಕ್ಕೆ ಐವತ್ತೊಂದು. ಕೈಯಲ್ಲಿ ಇನ್ನೂ ಮೂರು ಉಳಿಯುತ್ತದೆ! ಕಾಗದಕ್ಕೆ ಒಂದು ತುಳಿತವೂ ಹೆಚ್ಚಿಲ್ಲ!

"ಆಹಾ!" ಎಂದರು ನರಸಿಂಹಯ್ಯನವರು. "ಆಹಾ!" ಎಂದ ಕೊಂಡಪ್ಪನೂ, ತನಗೆ ತಾನೇ. ಇಂಥ ತಲೆ ತನ್ನ ಹೆಗಲ ಮೇಲೆ ಇರುವುದು ರಾಜಘಟ್ಟಕ್ಕೆ ಗೊತ್ತಾದರೆ ಹುಡುಗಿಯ ಮುಖ ಹೇಗೆ ಅರಳಬಹುದು ಎಂದು ಕಲ್ಪಿಸಿಕೊಂಡು ಇಡೀ ಬೆಳಗ್ಗೆ ಒಬ್ಬನೇ ನಗುತ್ತಿದ್ದ. ಮೊಳೆ ಹೆಕ್ಕುವಾಗ ಬಾಯಲ್ಲಿ ಶಿಳ್ಳೆ. ಮಿಷನ್ನು ತುಳಿಯುವಾಗ ಕಾಲಿನ ತಾಳಕ್ಕೆ ಪಕ್ಕದ ಮಗ್ಗದ ತಾಳ ಕೂಡಿ ಮೇಳವೇ ಆಯಿತು. ಮುತ್ತಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಳು.

ಒತ್ತುವ ಮುನ್ನ ಪ್ರೂಫನ್ನು ಮಾವನಿಗೆ ತೋರಿಸಿದ್ದೂ ಆಗಿತ್ತು. ಇಲ್ಲಿ ಒಂದು ಮಾತು ಹೇಳಬೇಕು. ಪ್ರೂಫನ್ನು ಯಾವ ಪ್ರೆಸ್ಸಿನವರೂ ಬಣ್ಣದಲ್ಲಿ ತೆಗೆಯುವುದಿಲ್ಲ. ಕೈಗೆ ಸಿಕ್ಕಿದ ಕಪ್ಪು ಶಾಯಿ ಸವರಿ, ಒದ್ದೆ ಕಾಗದ ಇಟ್ಟು ತಟ್ಟಿ ತೆಗೆಯುತ್ತಾರೆ. ವೆಂಕಟರಮಣಪ್ಪನವರ ಮುಂದೆ ಎರಡು ಹಾಳೆ ಇಟ್ಟ, ಕಪ್ಪಿಗೆ ಹೋಗುವುದು ಒಂದು, ಕೆಂಪಿಗೆ ಹೋಗುವುದು ಒಂದು. ಎರಡೂ ಕಪ್ಪಗಿದ್ದವು. ಅವರು ಬೆರಳಿಟ್ಟು ಪಟ್ಟಿಯೊಡನೆ ತಾಳೆ ನೋಡಿದರು. ನಲವತ್ನಾಲ್ಕೂ ಸರಿಯಾಗಿದ್ದವು. "ಸರಿ, ಒತ್ತು" ಎಂದರು. ಹೆಸರುಗಳಿಗೆ ಎರಡು ಬಣ್ಣ ಬರುತ್ತದೆಂದು ಅವರಿಗೆ ಹೇಳಬೇಕೆಂದು ಕೊಂಡಪ್ಪನಿಗೆ ಹೊಳೆಯಲೇ ಇಲ್ಲ. ಅವನ ಕಣ್ಣಿಗೆ ಅವು ಬಣ್ಣಗಳಾಗಿರಲಿಲ್ಲ, ಮೊದಲನೆಯ ಸರದಿ ಮತ್ತು ಎರಡನೆಯ ಸರದಿ, ಅಷ್ಟೇ.

ಎಂಟುನೂರು ಪತ್ರಿಕೆ ಒಣಗಿ, ಮಡಿಕೆಯಾಗಿ, ಮೂಲೆಗೆ ಅರಿಶಿನ ಹಚ್ಚಿಸಿಕೊಂಡು ರಾಜಘಟ್ಟಕ್ಕೆ ಹೋದವು. ಮನೆತನದ ಹಿರಿಯರಿಗೆ ಕೊಟ್ಟಮೇಲೆಯೇ ಊರವರಿಗೆ ಎಂದು ವೆಂಕಟರಮಣಪ್ಪನವರು ಮೊದಲು ಹತ್ತು ಮನೆಗೆ ಮಾತ್ರ ಹಂಚಿದರು. ಒಳ್ಳೆಯದೇ ಆಯಿತು. ಮೂರನೆಯ ದಿನ ಮಧ್ಯಾಹ್ನ ರಾಜಘಟ್ಟದ ಆಳೊಬ್ಬ ಓಡಿಬಂದು ಪ್ರೆಸ್ಸಿನ ಬಾಗಿಲಲ್ಲಿ ಏದುಸಿರು ಬಿಡುತ್ತ, "ಈಗಿಂದೀಗ್ಲೇ ಬರ್ಬೇಕಂತೆ. ಮದ್ವೆ ನಿಂತೋಗೈತೆ" ಎಂದ.

ಕೊಂಡಪ್ಪ ಕೈಯಲ್ಲಿದ್ದ ಸ್ಟಿಕ್ಕನ್ನು ಕೆಳಗಿಟ್ಟನೋ ಬೀಳಿಸಿದನೋ ಅವನಿಗೇ ನೆನಪಿಲ್ಲ. ಮದುವೆಗೆ ಮೊದಲು ಗಂಡು ಹೆಣ್ಣಿನ ಮನೆಗೆ ಹೋಗಬಾರದು ಎಂಬ ಶಾಸ್ತ್ರವೂ ನೆನಪಾಗಲಿಲ್ಲ. ಎರಡು ಸಲ ಚೈನು ಕಳಚಿತು, ಎರಡು ಸಲವೂ ಬೈದುಕೊಂಡು ಹಾಕಿದ. ರಾಜಘಟ್ಟ ಮುಟ್ಟುವಾಗ ಮೊಳಕಾಲಿನವರೆಗೆ ಕೆಂಪು ಧೂಳು, ಮುಖಕ್ಕೆಲ್ಲ ಚೈನಿನ ಎಣ್ಣೆ.

ವೆಂಕಟರಮಣಪ್ಪನವರ ಜಗಲಿ ತುಂಬಿಹೋಗಿತ್ತು. ನಡುವೆ ಕಂಬಕ್ಕೆ ಒರಗಿ ಕೂತಿದ್ದವರು ಅಪ್ಪಯ್ಯಣ್ಣ, ಹುಡುಗಿಯ ಸೋದರಮಾವ. ಅವರು ಬಂದು ಹಸೆಮಣೆಯವರೆಗೆ ಹುಡುಗಿಯನ್ನು ಕರೆತರದಿದ್ದರೆ ಆ ಮನೆಯಲ್ಲಿ ಮದುವೆಯೇ ನಡೆಯದು. ಅವರ ಕೈಯಲ್ಲಿ ಪತ್ರಿಕೆ ಇತ್ತು.

"ಬಾರಪ್ಪಾ ಅಚ್ಚುಕೂಟದೋನೆ. ಇದೇನಿದು?" ಎಂದರು.

"ಲಗ್ನಪತ್ರಿಕೆ, ಯಜಮಾನ್ರೆ."

"ಅದು ಕುರುಡಂಗೂ ಗೊತ್ತಾಯ್ತದೆ. ನನ್ ಹೆಸ್ರು ಯಾವ ಬಣ್ಣ?"

"ಕಪ್ಪು."

"ಮುನಿಶಾಮಿದು?"

ಮುನಿಶಾಮಪ್ಪ ಎಂದರೆ ದೂರದ ದಾಯಾದಿ. ಯಾರ ಮನೆಯಲ್ಲಿ ಎಲೆ ಹಾಕಿದರೂ ಮೊದಲ ಪಂಕ್ತಿಯಲ್ಲಿರುವವನು, ಯಾರ ಕೆಲಸಕ್ಕೂ ಕೈಗೆ ಸಿಗದವನು. ಅವನು ಜಗಲಿಯ ತುದಿಯಲ್ಲಿ ಆಗಲೇ ಮುಗುಳ್ನಗುತ್ತ ಕೂತಿದ್ದ.

"ಕೆಂಪು" ಎಂದ ಕೊಂಡಪ್ಪ.

"ಕೇಳುದ್ರಾ! ಸೋದರಮಾವಂಗೆ ಕಪ್ಪು, ಮುನಿಶಾಮಿಗೆ ಕೆಂಪು. ಕಪ್ಪಕ್ಸರ ಬರೀ ತಿಥಿ ಕಾಗ್ದಕ್ಕೆ ಹಾಕ್ತಾರೆ ಕಣಯ್ಯ! ನಾನೇನು ಸತ್ತೋಗಿದ್ದೀನಾ? ಸತ್ತೋನು ಮದ್ವೆಗೆ ಬಂದ್ರೆ ನಿಮ್ಗೇ ಹೆದ್ರಿಕೆ ಆಗಲ್ವಾ?"

ಕಪ್ಪಿನಲ್ಲಿದ್ದವರೆಲ್ಲ ಹೌದು ಹೌದೆಂದರು. ಕೆಂಪಿನವರು ಖುಷಿಯಾಗಿದ್ದರೆಂದು ತಿಳಿಯಬೇಡಿ. ಅವರಲ್ಲೂ ಮಾಸ್ತರಿಕೆ ಮಾಡುತ್ತಿದ್ದ ಮುನಿರಾಮಯ್ಯ ಎದ್ದು ನಿಂತು, "ಕೆಂಪು ಶಾಯಿ ನಾವು ಯಾರಿಗೆ ಹಾಕ್ತೀವಿ? ಫೇಲಾದೋರಿಗೆ! ಇಪ್ಪತ್ತೇಳು ಜನಾನ ಒಟ್ಟಿಗೆ ಫೇಲು ಮಾಡಿದ್ದೀಯಲ್ಲಪ್ಪಾ" ಎಂದ. ಅಷ್ಟಕ್ಕೆ ಕೆಂಪಿನಲ್ಲೇ ಎರಡು ಪಂಗಡವಾಯಿತು. ಮುನಿಶಾಮಪ್ಪ ಮಾತ್ರ, ಕ್ಯಾಲೆಂಡರಿನಲ್ಲಿ ಹಬ್ಬದ ದಿನ ಕೆಂಪಗಿರುತ್ತದೆ, ತಾನು ಹಬ್ಬದ ಲೆಕ್ಕ ಎಂದು ವಾದಿಸಿದ. ಜಗಲಿ ಸಂತೆಯಾಯಿತು.

ವೆಂಕಟರಮಣಪ್ಪನವರ ಮೀಸೆ ಇಳಿಬಿದ್ದಿತ್ತು. "ಏನಾರ ಹೇಳಪ್ಪಾ. ಅಪ್ಪಯ್ಯಣ್ಣ ಬರಲ್ಲ ಅಂದ್ರೆ ನಾನು ಮದ್ವೆ ಮಾಡಂಗಿಲ್ಲ. ಕೆಂಪು ದೊಡ್ಡದೋ ಕಪ್ಪು ದೊಡ್ಡದೋ, ಒಂದು ಹೇಳ್ಬಿಡು" ಎಂದರು.

ಕೊಂಡಪ್ಪನಿಗೆ ಅಳು ಬರುವಂತಾಯಿತು. ಕೆಂಪು ದೊಡ್ಡದೆಂದರೆ ಕಪ್ಪಿನವರು ಎದ್ದುಹೋಗುತ್ತಾರೆ, ಕಪ್ಪು ದೊಡ್ಡದೆಂದರೆ ಕೆಂಪಿನವರು. ಬಾಗಿಲ ಸಂದಿಯಲ್ಲಿ ಹಸಿರು ಸೀರೆಯ ಸೆರಗು ಕಂಡಿತು. ಅದನ್ನು ಕಂಡಮೇಲೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಯಾವ್ದೂ ದೊಡ್ದಲ್ಲ ಮಾವ. ಮ ಸಾಲ್ದೆ ಬಂತು" ಎಂದುಬಿಟ್ಟ.

"ಏನು ಸಾಲ್ದೆ ಬಂತು?"

"ಮ. ಅಕ್ಸರ."

ಜಗಲಿ ಹೋ ಎಂದು ನಕ್ಕಿತು. ಅದು ಒಳ್ಳೆಯ ನಗುವಲ್ಲ. "ಅಕ್ಸರ ಎಲ್ಲಾರ ಖರ್ಚಾಯ್ತದೇನಯ್ಯ? ನಾನು ದಿನಾ ಸಾವ್ರ ಸಲ ಮುನಿಯಾ ಮುನಿಯಾ ಅಂತ ಕರೀತೀನಿ, ನನ್ ಬಾಯಾಗೆ ಇವತ್ತೂ ಖಾಲಿ ಆಗಿಲ್ಲ" ಎಂದರು ಅಪ್ಪಯ್ಯಣ್ಣ. ಕೊಂಡಪ್ಪ ಸೀಸ, ಮೊಳೆ, ಕೇಸು, ಎರಡು ಸರದಿ ಎಂದು ಏನೇನೋ ವಿವರಿಸಿದ. ವಿವರಿಸಿದಷ್ಟೂ ಕಥೆ ಕಟ್ಟುತ್ತಿದ್ದಾನೆ ಎಂಬ ಅನುಮಾನ ಹೆಚ್ಚಿತು.

ಆಗ ಒಳಗಿನಿಂದ ಮುನಿವೆಂಕಟಮ್ಮ ಬಂದರು. ವೆಂಕಟರಮಣಪ್ಪನವರ ತಾಯಿ, ಎಂಬತ್ತರ ಅಜ್ಜಿ, ಮನೆತನಕ್ಕೆಲ್ಲ ಹಿರಿಯಳು. ಕಣ್ಣು ಮಂಜು, ಧ್ವನಿ ಮಾತ್ರ ಖಣಖಣ. "ಯಾಕ್ರೋ ಕೂಗಾಡ್ತೀರಾ? ಅಕ್ಸರ ಮುಗ್ದೋಯ್ತು ಅಂತಾನೆ. ಮುಗ್ದೋಗೈತೋ ಇಲ್ವೋ ಹೋಗಿ ನೋಡುದ್ರಾಯ್ತಪ್ಪ. ಗಾಡಿ ಕಟ್ರೋ!"

ಮೂರು ಎತ್ತಿನ ಗಾಡಿ ಹೊರಟವು. ಮೊದಲನೆಯದರಲ್ಲಿ ಕಪ್ಪಿನವರು, ಎರಡನೆಯದರಲ್ಲಿ ಕೆಂಪಿನವರು. ಒಂದೇ ಗಾಡಿಯಲ್ಲಿ ಕೂರಲು ಒಪ್ಪಲಿಲ್ಲ. ಮೂರನೆಯದರಲ್ಲಿ ಪತ್ರಿಕೆಗಳ ಕಟ್ಟು, ಅಜ್ಜಿ, ಅಜ್ಜಿಯ ಕೈ ಹಿಡಿದುಕೊಳ್ಳಲು ಮುನಿಗಂಗಮ್ಮ. ಮುಂದೆ ಕೊಂಡಪ್ಪನ ಸೈಕಲ್ಲು. ದಾರಿಯಲ್ಲಿ ನೋಡಿದವರು, ಯಾವ ಮದುವೆಯ ದಿಬ್ಬಣ ಇಷ್ಟು ಸಿಟ್ಟಿನಲ್ಲಿ ಹೊರಟಿದೆ ಎಂದು ಬೆರಗಾಗಿ ದಾರಿ ಬಿಟ್ಟರು. ಕೊಂಡಪ್ಪನಿಗೆ ಅವಳು ಹಿಂದೆಯೇ ಬರುತ್ತಿದ್ದಾಳೆ ಎಂಬುದೊಂದೇ ತಲೆಯಲ್ಲಿ ಗಿರಗಿಟ್ಲೆಯಾಗಿ ತಿರುಗುತ್ತಿತ್ತು. ಮದುವೆ ನಿಂತೇ ಹೋದರೂ ಇಷ್ಟು ದೂರ ಒಂದೇ ದಾರಿಯಲ್ಲಿ ಬಂದ ಹಾಗಾಯಿತಲ್ಲ ಎಂದು ಹುಚ್ಚುಹುಚ್ಚಾಗಿ ಅಂದುಕೊಂಡ.

ಪ್ರೆಸ್ಸಿನಲ್ಲಿ ಮೂರು ಜನ ನಿಂತರೆ ನಾಲ್ಕನೆಯವರು ಹೊರಗೆ ನಿಲ್ಲಬೇಕು. ಇಪ್ಪತ್ತೈದು ಜನ ನುಗ್ಗಿದರು. ನರಸಿಂಹಯ್ಯನವರು ದಾಳಿ ಬಂತೆಂದು ಟೇಬಲ್ಲಿನ ಹಿಂದೆ ಸರಿದುಕೊಂಡರು. ಮುತ್ತಮ್ಮ ಕಾಗದದ ರೀಮುಗಳ ಮೇಲೆ ಹತ್ತಿ ಕೂತಳು.

"ಇದು ಅ ಮನೆ, ಇದು ಕ ಮನೆ. ಇಗೋ, ಇದು ಮ ಮನೆ. ಕೈ ಹಾಕಿ ನೋಡಿ ಯಜಮಾನ್ರೆ" ಎಂದ ಕೊಂಡಪ್ಪ.

ಅಪ್ಪಯ್ಯಣ್ಣ ತೋಳು ಮಡಿಸಿ ಕೈ ಹಾಕಿದರು. ಬೆರಳಿಗೆ ಸಿಕ್ಕಿದ್ದು ಸೀಸದ ಪುಡಿ, ಉಳಿದ ಮೂರು ಮೊಳೆ, ಕೊಂಬು ಮುರಿದ ನಾಲ್ಕು. ಅಂಗೈಯಲ್ಲಿ ಹರಡಿಕೊಂಡು ಬೆಳಕಿಗೆ ಹಿಡಿದರು. ಅಕ್ಕಪಕ್ಕದ ಮನೆಗಳಲ್ಲಿ ಅಕ್ಷರಗಳು ರಾಶಿಯಾಗಿದ್ದವು.

"ಮಿಕ್ಕಿದ್ದು?"

ಮಿಷನ್ನಿನ ಪಕ್ಕದ ಕಲ್ಲಿನ ಮೇಲೆ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದಿದ್ದ ಕೆಂಪು ಸರದಿಯ ಫಾರಮ್ಮು ಇನ್ನೂ ಬಿಚ್ಚದೆ ಹಾಗೆಯೇ ಇತ್ತು. ಕೊಂಡಪ್ಪ ತೋರಿಸಿದ. "ಇಲ್ಲವ್ರೆ ನೋಡಿ, ಐವತ್ತೊಂದೂ. ಎಲ್ಲಾ ನಿಮ್ಮ ನೆಂಟ್ರ ಹೆಸ್ರಾಗೇ ಸಿಕ್ಕಾಕ್ಕೊಂಡವೆ."

ಅಪ್ಪಯ್ಯಣ್ಣ ಬಗ್ಗಿ ನೋಡಿದರು. ಬೆರಳಿಟ್ಟು ಎಣಿಸತೊಡಗಿದರು. ಇಪ್ಪತ್ತರ ಹೊತ್ತಿಗೆ ಮುಖ ಸಡಿಲವಾಯಿತು. ಮುವ್ವತ್ತರ ಹೊತ್ತಿಗೆ ಹೊಟ್ಟೆ ಕುಲುಕಿತು. ನಲವತ್ತಕ್ಕೆ ಎಣಿಸುವುದನ್ನು ಬಿಟ್ಟು ಗಹಗಹಿಸಿ ನಕ್ಕರು.

"ಲೇ ವೆಂಕಟ್ರಮಣ! ನಿಮ್ಮ ವಂಸ ಎಷ್ಟು ಬೆಳ್ದೈತೆ ಅಂದ್ರೆ ದೊಡ್ಡಬಳ್ಳಾಪುರದಾಗೆ ಅಕ್ಸರಾನೇ ಖಾಲಿ ಆಗೋಗೈತಲ್ಲೋ!"

ಆ ಮಾತು ಬಿದ್ದದ್ದೇ ಗಾಳಿ ತಿರುಗಿತು. ಮುನಿಗಳು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಯಾವ ಮನೆತನಕ್ಕಿದೆ ಇಂಥ ಹೆಗ್ಗಳಿಕೆ! ಸರ್ಕಾರದ ಜನಗಣತಿಯವರಿಗೂ ಗೊತ್ತಾಗದ್ದು ನರಸಿಂಹಯ್ಯನವರ ಪ್ರೆಸ್ಸಿಗೆ ಗೊತ್ತಾಗಿತ್ತು. ಮುನಿರಾಮಯ್ಯ ಮಾಸ್ತರು ಫೇಲಿನ ಮಾತನ್ನು ಮರೆತು, ಮುನಿಶಾಮಪ್ಪನ ಹೆಗಲ ಮೇಲೆ ಕೈ ಹಾಕಿದ. ವೆಂಕಟರಮಣಪ್ಪನವರ ಮೀಸೆ ಮತ್ತೆ ಮೇಲೆದ್ದಿತು.

"ಅದ್ಸರಿ" ಎಂದರು ಅಪ್ಪಯ್ಯಣ್ಣ, ನಗು ಒರೆಸಿಕೊಂಡು. "ನನ್ ಕಪ್ಪಿನ ಕಥೆ?"

ಕೊಂಡಪ್ಪನಿಗೆ ಈಗ ಧೈರ್ಯ ಬಂದಿತ್ತು. "ಅಪ್ಪಯ್ಯಣ್ಣ ಅನ್ನೋದ್ರಾಗೆ ಒಂದಾದ್ರೂ ಮ ಐತಾ ಯಜಮಾನ್ರೆ? ಇಲ್ಲ. ನೀವು ಯಾರ್ಗೂ ಕಾಯ್ಬೇಕಿರ್ಲಿಲ್ಲ. ಮೊದ್ಲು ಅಚ್ಚಾಗಿದ್ದು ಕಪ್ಪು. ಪಟ್ಟೀಲಿ ಫಸ್ಟು ಜೋಡ್ಸಿದ್ದೂ ನಿಮ್ಮ ಹೆಸ್ರೇ. ಈ ಕಾಗ್ದದ ಮೇಲೆ ಗಣಪ್ತಿ ಬರೋಕೂ ಮುಂಚೆ ನೀವು ಬಂದಿದ್ದೀರಿ."

"ಗಣಪ್ತಿಗಿಂತ ಮುಂಚೆ?"

"ಆಣೆಗೂ."

ಅಪ್ಪಯ್ಯಣ್ಣ ಸುತ್ತ ನೋಡಿದರು. ಎಲ್ಲರೂ ಕೇಳಿಸಿಕೊಂಡರೆಂದು ಖಾತ್ರಿಯಾದ ಮೇಲೆ ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡು, "ಹಂಗಾರೆ ಬರ್ತೀನಿ ಬುಡು" ಎಂದರು.

ಕೊಂಡಪ್ಪನ ಕಾಲು ಮತ್ತೆ ನೆಲ ಬಿಟ್ಟಿತು. ನರಸಿಂಹಯ್ಯನವರು ಟೇಬಲ್ಲಿನ ಹಿಂದಿನಿಂದ ಹೊರಬಂದು ಎಲ್ಲರಿಗೂ ಕಾಫಿ ಹೇಳಿಕಳಿಸಿದರು. ಇದ್ದಬದ್ದವರೆಲ್ಲ ತಮ್ಮ ತಮ್ಮ ಹೆಸರು ಫಾರಮ್ಮಿನಲ್ಲಿ ಎಲ್ಲಿದೆಯೆಂದು ಹುಡುಕಿ, ಸೀಸವನ್ನು ಮುಟ್ಟಿ ಮುಟ್ಟಿ ನೋಡಿದರು. ಮುನಿವೆಂಕಟಮ್ಮಜ್ಜಿಯ ಬೆರಳನ್ನೂ ಮೊಮ್ಮಗಳು ಹಿಡಿದು ಒಂದು ಸಾಲಿನ ಮೇಲೆ ಇಟ್ಟಳು. "ಇದೇ ನಾನಾ? ತಣ್ಣಗೈತೆ" ಎಂದು ಅಜ್ಜಿ ಮಗುವಿನಂತೆ ನಕ್ಕರು.

ಆಮೇಲೆ ಅಜ್ಜಿ, "ನಂಗೆ ಓದಾಕೆ ಬರಲ್ಲ. ಎಲ್ರೂ ಅವರವರದ್ದು ಓದ್ಕೊಂಡ್ರಿ. ಯಾರಾರ ಪತ್ರಿಕೆ ಮೇಲಿಂದ ಓದ್ರಪ್ಪ, ಕೇಳಾನ" ಎಂದರು.

ಮುನಿರಾಮಯ್ಯ ಮಾಸ್ತರು ಪತ್ರಿಕೆ ಬಿಚ್ಚಿ, ಶಾಲೆಯ ಧ್ವನಿಯಲ್ಲಿ ಶುರು ಮಾಡಿದ. ಗಣಪತಿಗೆ ವಂದನೆ, ಮಹಾಶಯರಿಗೆ ಬಿನ್ನಹ, ದಿನ, ನಕ್ಷತ್ರ, ಮುಹೂರ್ತ. "ನಮ್ಮ ದ್ವಿತೀಯ ಪುತ್ರಿ ಚಿರಂಜೀವಿ ಸೌಭಾಗ್ಯವತಿ ಮುನಿಗಂಗಮ್ಮಳ ವಿವಾಹವನ್ನು, ಚಿರಂಜೀವಿ ರಾಜಶ್ರೀ..." ಎಂದು ನಿಂತ.

"ಊಂ, ರಾಜಶ್ರೀ ಯಾರು?" ಎಂದರು ಅಜ್ಜಿ.

ಮಾಸ್ತರು ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ತಿರುಗಿಸಿ ಹಿಂಬದಿ ನೋಡಿದ. "ಇಲ್ಲ" ಎಂದ.

"ಏನು ಇಲ್ಲ?"

"ಗಂಡು ಇಲ್ಲ!"

ಇಪ್ಪತ್ತೈದು ಕೈಗಳು ಪತ್ರಿಕೆಯ ಕಟ್ಟಿಗೆ ಬಿದ್ದವು. ಪರಪರ ಬಿಚ್ಚಿದರು. ಎಲ್ಲದರಲ್ಲೂ ಒಂದೇ. 'ಚಿ।। ರಾ।।' ಎಂದು ಅಚ್ಚಾಗಿತ್ತು, ಅದರ ಮುಂದೆ ಒಂದು ವೀಳ್ಯದೆಲೆ ಇಡುವಷ್ಟು ಬಿಳಿಯ ಜಾಗ. ಮೂರು ದಿನದಿಂದ ಈ ಜನ ಈ ಕಾಗದ ಹಿಡಿದು ಜಗಳವಾಡಿದ್ದರು. ಹೆಸರಿನ ಬಣ್ಣ, ಹೆಸರಿನ ಜಾಗ, ಯಾರ ಮೇಲೆ ಯಾರು ಎಂದು ಅಳೆದು ಸುರಿದಿದ್ದರು. ಮದುವೆಯ ಗಂಡು ಯಾರೆಂದು ಒಬ್ಬನೂ ಓದಿರಲಿಲ್ಲ.

ಕೊಂಡಪ್ಪ ಕಣ್ಣು ಕಣ್ಣು ಬಿಟ್ಟ. ನಿಧಾನವಾಗಿ ನೆನಪಾಯಿತು. ಕಪ್ಪು ಸರದಿಯಲ್ಲಿ, ವಧೂವರರ ಹೆಸರು ಕೆಂಪಿಗೆ ಬರುತ್ತದೆಂದು ಜಾಗ ಬಿಟ್ಟಿದ್ದ. ಕೆಂಪು ಸರದಿಯಲ್ಲಿ ಅವಳ ಹೆಸರನ್ನು ದೊಡ್ಡ ಮೊಳೆಯಲ್ಲಿ ಮುದ್ದಾಗಿ ಜೋಡಿಸಿದ. ಪಕ್ಕದಲ್ಲೇ ತನ್ನ ಹೆಸರು ಇಡಲು ಕೈ ಚಾಚಿದಾಗ ಇದ್ದಕ್ಕಿದ್ದಂತೆ ನಾಚಿಕೆಯಾಯಿತು. ಮುತ್ತಮ್ಮ ಬೇರೆ ನೋಡುತ್ತಿದ್ದಳು. ಕೊನೆಗೆ ಹಾಕಿದರಾಯಿತೆಂದು ಅಲ್ಲಿಗೆ ಖಾಲಿ ಸೀಸದ ತುಂಡು ತುಂಬಿ ಮುಂದಕ್ಕೆ ಹೋದ. ಆಮೇಲೆ ಇಪ್ಪತ್ತೇಳು ಮುನಿಗಳು ಮೈಮೇಲೆ ಬಿದ್ದರು. ಪ್ರೂಫಿನಲ್ಲಿ ಎರಡೂ ಹಾಳೆಯಲ್ಲಿ ಅಲ್ಲಲ್ಲಿ ಖಾಲಿ ಇತ್ತು, ಇದರದ್ದು ಅದರಲ್ಲಿದೆಯೆಂದು ಎಲ್ಲರೂ ತಿಳಿದರು. ಎಂಟುನೂರು ಕಾಗದವನ್ನು ತಾನೇ ಒಂದೊಂದಾಗಿ ಮಿಷನ್ನಿಗೆ ಕೊಟ್ಟಿದ್ದ. ಆದರೆ ಕಾಗದ ಕೊಡುವವನ ಕಣ್ಣೆಲ್ಲ ಬೆರಳು ಜಜ್ಜಿಹೋಗದಂತೆ ನೋಡಿಕೊಳ್ಳುವುದರಲ್ಲೇ ಇರುತ್ತದೆ.

"ಒಂದು ಹೆಸ್ರು ಬಿಟ್ಟೋದ್ರೆ ಮದ್ವೆ ಇಲ್ಲ ಅಂದಿದ್ದೆ" ಎಂದರು ವೆಂಕಟರಮಣಪ್ಪನವರು, ಗಂಭೀರವಾಗಿ. ಕೊಂಡಪ್ಪನ ಮುಖ ಬಿಳಿಚಿತು. ಅವರು ಪತ್ರಿಕೆಯನ್ನೂ ಅವನನ್ನೂ ನೋಡಿದರು. "ಬಿಟ್ಟೋಗಿರೋನೇ ಬಂದು ಮುಂದೆ ನಿಂತವ್ನೆ. ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಾನ?" ಎಂದು ತಾವೇ ಮೊದಲು ನಕ್ಕರು. ಪ್ರೆಸ್ಸಿನ ಹೆಂಚು ಹಾರಿಹೋಗುವಷ್ಟು ನಗು ಎದ್ದಿತು. ನಗುತ್ತ ನಗುತ್ತ ಅಪ್ಪಯ್ಯಣ್ಣ ಕ ಮನೆಯ ಮೇಲೆಯೇ ಕೂರಲು ಹೋದರು, ನರಸಿಂಹಯ್ಯನವರು ಹಿಡಿದು ನಿಲ್ಲಿಸಿದರು.

"ಕೊಂಡಪ್ಪ ಅನ್ನೋಕೆ ಒಂದು ಮ ನೂ ಬೇಡ್ವಲ್ಲೋ! ಇರೋ ಅಕ್ಸರದಾಗೆ ಹತ್ತು ಗಂಡು ಹಾಕ್ಬೋದಿತ್ತು!" ಎಂದಳು ಮುತ್ತಮ್ಮ ರೀಮಿನ ಮೇಲಿಂದ.

ಮಿಷನ್ನು ಇಲ್ಲೇ ಇದೆ, ಪತ್ರಿಕೆಗಳು ಇಲ್ಲೇ ಇವೆ, ಇನ್ನೊಂದು ಸರದಿ ಒತ್ತಿದರೆ ಮುಗಿಯಿತು ಎಂದು ತೀರ್ಮಾನವಾಯಿತು. ತಾವೇ ತುಳಿಯುತ್ತೇವೆಂದು ನಾಲ್ಕು ಜನ ಪಂಚೆ ಎತ್ತಿ ಕಟ್ಟಿದರು. ನರಸಿಂಹಯ್ಯನವರು ಶಾಯಿಯ ಡಬ್ಬಿಗಳನ್ನು ತೆಗೆದು, "ಯಾವ ಬಣ್ಣ?" ಎಂದು ಕೇಳಿದರು. ಕೇಳಬಾರದಿತ್ತು. "ಕಪ್ಪು!" ಎಂದರು ಅಪ್ಪಯ್ಯಣ್ಣ. "ಕೆಂಪು!" ಎಂದ ಮುನಿಶಾಮಪ್ಪ. ಗಂಡು ಯಾರ ಕಡೆಯವನು ಎಂದು ಮತ್ತೆ ಶುರುವಾಯಿತು, ಈ ಸಲ ನಗುನಗುತ್ತಲೇ.

ಆ ಗಲಾಟೆಯ ಮರೆಯಲ್ಲಿ ಕೊಂಡಪ್ಪ ಕೇಸಿನ ಹತ್ತಿರ ಹೋಗಿ ಸ್ಟಿಕ್ಕು ಕೈಗೆತ್ತಿಕೊಂಡ. ಪಕ್ಕದಲ್ಲಿ ಬಳೆಯ ಸದ್ದಾಯಿತು. ಮುನಿಗಂಗಮ್ಮ ನಿಂತಿದ್ದಳು. ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಚಿಕ್ಕದಾಗಿದ್ದ ಒಂದು ಪತ್ರಿಕೆ ತೆಗೆದು, ಅವನ ಮುಂದೆ ಕೇಸಿನ ಅಂಚಿನ ಮೇಲಿಟ್ಟಳು. ಬಿಳಿಯ ಜಾಗದಲ್ಲಿ ಸೀಸದ ಕಡ್ಡಿಯಿಂದ, ಒತ್ತಿ ಒತ್ತಿ, ಗುಂಡಗೆ 'ಕೊಂಡಪ್ಪ' ಎಂದು ಬರೆದಿತ್ತು.

"ಯಾವಾಗ ನೋಡುದ್ರಿ?" ಎಂದ.

"ಬಂದ ದಿವ್ಸಾನೇ."

"ಮತ್ತೆ ಯಾರ್ಗೂ ಹೇಳ್ಲಿಲ್ವಲ್ಲ!"

"ಯಾರು ಕೇಳ್ತಿದ್ರು?" ಎಂದಳು ಅವಳು, ಅವನ ಕಪ್ಪು ಬೆರಳುಗಳನ್ನು ನೋಡುತ್ತ. "ಎಲ್ರೂ ಅವರವರ ಹೆಸ್ರು ಹುಡುಕ್ತಿದ್ರು. ನಾನು ನಿಮ್ದು ಹುಡುಕ್ದೆ. ಸಿಗ್ಲಿಲ್ಲ. ಬರ್ಕೊಂಡೆ."

ಯಾವ ಬಣ್ಣವೋ ಬೇಗ ಹೇಳೋ ಎಂದು ನರಸಿಂಹಯ್ಯನವರು ಮೂರು ಸಲ ಕೂಗಿದರಂತೆ. ಕೊಂಡಪ್ಪನಿಗೆ ಕೇಳಿಸಲಿಲ್ಲ.